ಹಿತ್ತಿಲು, ಕೋಳಿ ಮತ್ತು ಮಳೆನಕ್ಷತ್ರಗಳು: ಮಗಳಿಗೊಂದು ಪತ್ರ

ತೀರ್ಥಹಳ್ಳಿ
ಆಗಸ್ಟ್ ಮೊದಲ ವಾರ, ಆಶ್ಲೇಷಾ ಮಳೆ

ಚಿ. ಸೌ. ಪುಟ್ಟಿಗೆ ನಿನ್ನ ಅಮ್ಮನ ಆಶೀರ್ವಾದಗಳು.

ಇತ್ತ ಕಡೆ ನಾನೂ ನಿನ್ನ ಅಪ್ಪನೂ ಕ್ಷೇಮ. ನೀನು, ಅಳಿಯಂದಿರು ಮತ್ತು ಪಾಪು ಕ್ಷೇಮವೆಂದು ನಂಬಿದ್ದೇನೆ. ಮೈಸೂರಿನ ಹೊರಗೆ ನೀವು ಹಿಡಿದಿರುವ ಹೊಸ ಮನೆಗೆ ಹಿತ್ತಿಲಿದೆಯೆಂದೂ, ಅಲ್ಲಿ ತರಕಾರಿಯ ಜೊತೆಗೆ ನಾಲ್ಕಾರು ಕೋಳಿಗಳನ್ನೂ ಸಾಕುವ ಆಸೆಯಿದೆಯೆಂದೂ ಮೊನ್ನೆ ಹೇಳಿದೆ. ಫೋನಿನಲ್ಲಿ ಹೇಳಿ ಮುಗಿಸುವಂಥ ವಿಷಯ ಇದಲ್ಲ. ಹೊರಗೆ ಮಳೆ ಬಿಡುವು ಕೊಡದಿರುವುದರಿಂದ ಕುಳಿತು ಬರೆಯಲು ನನಗೂ ಸಮಯ ಸಿಕ್ಕಿದೆ.

ಕೋಳಿಯೂ ಕೈತೋಟವೂ ಒಂದಕ್ಕೊಂದು ಪೂರಕವೆಂದು ಎಲ್ಲರೂ ಹೇಳುತ್ತಾರೆ. ಅದು ಅರ್ಧ ಸತ್ಯ. ವರ್ಷದ ಐದಾರು ತಿಂಗಳು ಕೈತೋಟಕ್ಕೆ ಕೋಳಿಯಷ್ಟು ದೊಡ್ಡ ಶತ್ರು ಮತ್ತೊಂದಿಲ್ಲ. ಉಳಿದ ತಿಂಗಳುಗಳಲ್ಲಿ ಅಷ್ಟು ನಿಯತ್ತಿನ ಆಳು ಎಲ್ಲಿ ಹುಡುಕಿದರೂ ಸಿಗುವುದಿಲ್ಲ. ಎರಡಕ್ಕೂ ಬೇರೆ ಬೇರೆ ಜಾಗ ಮಾಡುವುದರ ಬಗ್ಗೆ ನೀನು ಯೋಚಿಸುತ್ತಿರುವೆ. ಜಾಗಕ್ಕಿಂತ ಮೊದಲು ಕಾಲವನ್ನು ಹಂಚಬೇಕು ಎಂಬುದೇ ನಾನು ಹೇಳಬೇಕೆಂದಿರುವ ಮಾತು. ಯಾವ ತಿಂಗಳು ಗೂಡಿನ ಬಾಗಿಲು ಹಿತ್ತಿಲಿನ ಕಡೆಗೆ ತೆರೆಯಬೇಕು, ಯಾವ ತಿಂಗಳು ತೆರೆಯಲೇಬಾರದು ಎಂಬುದು ಗೊತ್ತಿದ್ದರೆ ಬೇಲಿಯ ಕೆಲಸ ಅರ್ಧ ಕಡಿಮೆಯಾಗುತ್ತದೆ.

ಇಲ್ಲಿ ಮೇ ಕೊನೆಯ ವಾರ ರೋಹಿಣಿ ಮಳೆ ಹುಟ್ಟುವ ಹೊತ್ತಿಗೆ ಮಡಿಗಳನ್ನು ಸಡಿಲ ಮಾಡಿ, ಗೊಬ್ಬರ ಬೆರೆಸಿ, ಮೊಗೆಕಾಯಿ, ಸೌತೆ, ಹೀರೆ, ಬೆಂಡೆಯ ಬೀಜಗಳನ್ನು ಹಾಕುತ್ತೇವೆ. ಅಲ್ಲಿಂದ ಭೂಮಿ ಹುಣ್ಣಿಮೆಯವರೆಗೆ ಕೋಳಿಗಳಿಗೆ ಹಿತ್ತಿಲಿಗೆ ಪ್ರವೇಶವಿಲ್ಲ. ಹೇಂಟೆಯೊಂದು ಮೆದು ಮಣ್ಣಿನ ಮಡಿಗೆ ಇಳಿದರೆ ಏನು ಮಾಡುತ್ತದೆ ಎಂಬುದನ್ನು ನೀನು ನೋಡಿಯೇ ಬೆಳೆದವಳು: ಒಂದು ಕಾಲಿನಿಂದ ಎರಡು ಸಲ, ಮತ್ತೊಂದರಿಂದ ಒಂದು ಸಲ ಹಿಂದಕ್ಕೆ ಕೆದರಿ, ಹೆಜ್ಜೆ ಹಿಂದಿಟ್ಟು, ತಲೆ ವಾರೆ ಮಾಡಿ ನೋಡಿ, ಹುಳು ಕಂಡರೆ ಕುಕ್ಕಿ, ಕಾಣದಿದ್ದರೆ ಮತ್ತೆ ಕೆದರುತ್ತದೆ. ಸಸಿಯ ಮೇಲೆ ಅದಕ್ಕೆ ಹಗೆಯೇನೂ ಇಲ್ಲ. ನಾವು ಬೀಜಕ್ಕಾಗಿ ಹದ ಮಾಡಿದ ಮಣ್ಣೇ ಹುಳುವಿಗೂ ಹಿತವಾದ ಮಣ್ಣು, ಹುಳು ಇರುವ ಮಣ್ಣೇ ಕೋಳಿಗೂ ಬೇಕಾದದ್ದು. ಎರಡೆಲೆ ಒಡೆದ ಮೊಗೆಸಸಿಗಳ ಸಾಲೊಂದನ್ನು ನಾವು ಕಾಫಿ ಕುಡಿದು ಲೋಟ ಕೆಳಗಿಡುವಷ್ಟರಲ್ಲಿ ಬೇರು ಮೇಲಾಗಿಸಿ ಹೋಗಬಲ್ಲದು. ಸಸಿ ಮೊಣಕಾಲೆತ್ತರ ಬೆಳೆದು ಬಳ್ಳಿ ಚಪ್ಪರ ಹತ್ತಿದ ಮೇಲೆ ಅಪಾಯ ತಗ್ಗುತ್ತದೆ, ಆದರೆ ಬಸಳೆ ಮತ್ತು ಹರಿವೆಯ ಮಟ್ಟಿಗೆ ಆ ಭರವಸೆಯೂ ಇಲ್ಲ. ಸೊಪ್ಪನ್ನು ಅವು ನಮಗಿಂತ ಹೆಚ್ಚು ಇಷ್ಟಪಡುತ್ತವೆ.

ಕೆಸು, ಸುವರ್ಣಗೆಡ್ಡೆ, ಅರಿಶಿನ, ಶುಂಠಿಗಳ ಎಲೆಗೆ ಅವು ಬಾಯಿ ಹಾಕುವುದಿಲ್ಲ. ಗೂಡಿನ ಸುತ್ತಲಿನ ಜಾಗಕ್ಕೆ ಇವೇ ತಕ್ಕವು. ಬುಡವನ್ನು ಕೆದರದಂತೆ ನಾಲ್ಕು ಕಲ್ಲು ಇಟ್ಟರಾಯಿತು. ಮೆಣಸಿನಗಿಡ ಖಾರವಿರುವುದರಿಂದ ಸುರಕ್ಷಿತವೆಂದು ಮಾತ್ರ ತಿಳಿಯಬೇಡ. ಹಕ್ಕಿಗಳ ನಾಲಿಗೆಗೆ ಮೆಣಸಿನ ಖಾರ ತಟ್ಟುವುದೇ ಇಲ್ಲ. ನಮ್ಮ ಹಿತ್ತಿಲಿನಲ್ಲಿ ಯಾರೂ ನೆಡದ ಕಡೆಯಲ್ಲೆಲ್ಲ ಸೂಜಿಮೆಣಸು ಏಳುವುದು ಪಿಕಳಾರಗಳು ಹಣ್ಣು ತಿಂದು ಬೀಜ ಉದುರಿಸುವುದರಿಂದ. ನಮ್ಮ ಕೆಂಪು ಹುಂಜ ಹಣ್ಣುಮೆಣಸನ್ನು ತೊಟ್ಟಿನಿಂದ ಕಿತ್ತು ನುಂಗಿ, ಕೊಕ್ಕನ್ನು ನೆಲಕ್ಕೆ ಒರೆಸಿ, ಮುಂದಿನ ಹಣ್ಣಿಗೆ ಹೋಗುತ್ತದೆ.

ಈಗ ಆರಿದ್ರಾ, ಪುನರ್ವಸು, ಪುಷ್ಯ ಮೂರೂ ಬಿಡದೆ ಸುರಿದು ಹೋಗಿವೆ. ಮೊಟ್ಟೆಯ ಬುಟ್ಟಿ ಹೆಚ್ಚುಕಡಿಮೆ ಖಾಲಿ. ಹೇಂಟೆ ಎಡೆಬಿಡದೆ ಮೊಟ್ಟೆಯಿಡಬೇಕಾದರೆ ದಿನಕ್ಕೆ 14ರಿಂದ 16 ಗಂಟೆಗಳ ಬೆಳಕು ಬೇಕು. ನಮ್ಮ ಸೀಮೆಯಲ್ಲಿ ಅತಿ ದೊಡ್ಡ ಹಗಲೇ ಸುಮಾರು 13 ಗಂಟೆಯದು, ಅದರಲ್ಲೂ ಮೋಡ ಕವಿದ ಈ ದಿನಗಳಲ್ಲಿ ಕೊಟ್ಟಿಗೆಯ ಮೂಲೆಯಲ್ಲಿರುವ ಗೂಡಿಗೆ ಬೆಳಕೆಂಬುದೇ ತಲುಪುವುದಿಲ್ಲ. ಇದರ ಮೇಲೆ ಕೆಲವು ಗರಿ ಉದುರಿಸಲು ತೊಡಗಿವೆ. ಗರಿ ಮರಳಿ ಬೆಳೆಯುವವರೆಗೆ ತಿಂದದ್ದೆಲ್ಲ ಗರಿಗೇ ಹೋಗುವುದರಿಂದ ಮೊಟ್ಟೆ ಕೇಳುವುದು ನ್ಯಾಯವಲ್ಲ. ನೀನು ಮೊದಲ ವರ್ಷ ಇದನ್ನು ಕಂಡು ರೋಗವೆಂದು ಹೆದರಬೇಡ. ಹೆದರಬೇಕಾದದ್ದು ಗೂಡಿನ ನೆಲದ ತೇವಕ್ಕೆ. ಹಾಸಿದ ಭತ್ತದ ಹೊಟ್ಟು ಒದ್ದೆಯಾಗಿ ಮುದ್ದೆಕಟ್ಟಿದರೆ ಮರಿಗಳಿಗೆ ರಕ್ತಭೇದಿ ತಗಲುತ್ತದೆ, ಅದು ಹಿಡಿದರೆ ಒಂದು ವಾರದಲ್ಲಿ ಇಡೀ ಸಂಸಾರ ಖಾಲಿ. ನಿನ್ನ ಅಪ್ಪ ದಿನ ಬಿಟ್ಟು ದಿನ ಹೊಟ್ಟನ್ನು ಮಗುಚಿ, ಒದ್ದೆಯಾದ ಕಡೆ ಸುಣ್ಣದ ಪುಡಿ ಉದುರಿಸುತ್ತಾರೆ. ತರಕಾರಿಯ ಕಡೆಯೂ ಸುಖವಿಲ್ಲ. ಬೆಂಡೆ ಕೊಳೆಯಿತು, ಬಸವನಹುಳುಗಳು ಹರಿವೆಯನ್ನು ಜರಡಿ ಮಾಡಿವೆ, ಮಳೆ ಸ್ವಲ್ಪ ಹೊಳವಾದರೆ ಸಾಕು, ಮಂಗಗಳು ಎಳೆಸೌತೆಯ ಲೆಕ್ಕ ತೆಗೆದುಕೊಳ್ಳಲು ಬರುತ್ತವೆ. ಮಂಗಗಳಿಗೆ ಉಪಾಯ ಹೇಳುವವರು ಊರಿನಲ್ಲಿ ಬಹಳ ಜನರಿದ್ದಾರೆ. ಉಪಾಯ ಫಲಿಸಿದವರನ್ನು ನಾನು ನೋಡಿಲ್ಲ.

ಇಷ್ಟಾದರೂ ಮೊಗೆಕಾಯಿ ಕೈಬಿಡುವುದಿಲ್ಲ. ಬಲಿತ ಕಾಯಿಗಳನ್ನು ಬಾಳೆನಾರಿನಲ್ಲಿ ಕಟ್ಟಿ ಅಡುಗೆಮನೆಯ ಜಂತಿಗೆ ತೂಗುಹಾಕಿದರೆ ಮುಂದಿನ ಬೇಸಿಗೆಯವರೆಗೂ ಹುಳಿಗೆ ಚಿಂತೆಯಿಲ್ಲ. ಭೂಮಿ ಹುಣ್ಣಿಮೆಯ ಹಿಂದಿನ ದಿನ ಬೆರಕೆ ಸೊಪ್ಪಿಗೆಂದು ಹಿತ್ತಿಲು ಸುತ್ತಿದಾಗ, ಸತ್ತಿತೆಂದು ತಿಳಿದಿದ್ದ ಎಷ್ಟೋ ಗಿಡಗಳು ಚಿಗುರಿಕೊಂಡಿರುತ್ತವೆ.

ಗೂಡಿನ ಬಾಗಿಲು ತೆರೆಯುವ ಕಾಲ ಬರುವುದು ಅದರ ಮರುವಾರ. ಮಳೆಗಾಲದ ಬಳ್ಳಿಗಳನ್ನು ಕಿತ್ತು, ಮಡಿಗಳನ್ನು ಬರಿದುಮಾಡಿ, ಬೇಲಿಯ ದಣಪೆ ಸರಿಸಿ ಕೋಳಿಗಳನ್ನು ಒಳಗೆ ಬಿಟ್ಟರೆ, ಎರಡು ವಾರದಲ್ಲಿ ಅವು ಗುದ್ದಲಿಗಿಂತ ಚೊಕ್ಕವಾಗಿ ಮೇಲ್ಮಣ್ಣನ್ನು ಮಗುಚಿಹಾಕುತ್ತವೆ. ಗೊಣ್ಣೆಹುಳು, ಗೆದ್ದಲು, ಮಿಡತೆಯ ಮೊಟ್ಟೆ, ಕಳೆಯ ಬೀಜ ಎಲ್ಲವೂ ಅವುಗಳ ಹೊಟ್ಟೆಗೆ. ಎರೆಹುಳುವೂ ಹೋಗುತ್ತದೆಂಬುದು ನಿಜ. ಅದಕ್ಕಾಗಿಯೇ ಎರಡು ವಾರಕ್ಕೆ ಮುಗಿಸಿ ಮತ್ತೆ ದಣಪೆ ಹಾಕಿ, ಬದನೆ ಮತ್ತು ಟೊಮೆಟೊ ಸಸಿಗಳನ್ನು ನೆಡುತ್ತೇವೆ. ಹಾಗೆ ಕೆದರಿಸಿದ ಮಡಿಯ ಬದನೆಗೂ ಕೆದರಿಸದ ಮಡಿಯ ಬದನೆಗೂ ಇರುವ ವ್ಯತ್ಯಾಸ ಸಂಕ್ರಾಂತಿಯ ಹೊತ್ತಿಗೆ ಕಣ್ಣಿಗೇ ಕಾಣುತ್ತದೆ.

ಮರಿ ಮಾಡಿಸುವುದಕ್ಕೂ ಚಳಿಗಾಲವೇ ಸರಿ. ನಾಟಿ ಹೇಂಟೆ ಮೊಟ್ಟೆ ನಿಲ್ಲಿಸಿ, ಗರಿ ಉಬ್ಬಿಸಿ, ಹತ್ತಿರ ಹೋದವರ ಮೇಲೆ ಗುರುಗುಟ್ಟತೊಡಗಿದರೆ ಕಾವಿಗೆ ಬಂದಿದೆಯೆಂದು ಅರ್ಥ. ಬುಟ್ಟಿಯಲ್ಲಿ ಹುಲ್ಲು ಹಾಸಿ, ಒಂದು ವಾರಕ್ಕಿಂತ ಹಳೆಯದಲ್ಲದ ಹತ್ತು ಹನ್ನೆರಡು ಮೊಟ್ಟೆಗಳನ್ನು ಸಂಜೆಯ ಹೊತ್ತು ಇಡಬೇಕು. ಗುಡುಗಿಗೆ ಮೊಟ್ಟೆ ಕೆಡಬಾರದೆಂದು ನಿನ್ನ ಅಜ್ಜಿ ಒಂದು ಕಬ್ಬಿಣದ ಚೂರನ್ನೂ ಇಡುತ್ತಿದ್ದರು. ಡಿಸೆಂಬರಿನಲ್ಲಿ ಗುಡುಗು ಎಲ್ಲಿಯದು ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ, ಈಗಲೂ ಆ ಚೂರು ಬುಟ್ಟಿಯಲ್ಲಿರುತ್ತದೆ. ಏಳನೆಯ ರಾತ್ರಿ ಟಾರ್ಚಿನ ಬೆಳಕಿಗೆ ಮೊಟ್ಟೆ ಹಿಡಿದರೆ ಒಳಗೆ ಕೆಂಪು ನರಗಳು ಕವಲೊಡೆದಿರುವುದು ಕಾಣುತ್ತದೆ. ಏನೂ ಕಾಣದವನ್ನು ತೆಗೆದುಬಿಡಬಹುದು. 20ನೆಯ ದಿನ ಮೊಟ್ಟೆಯನ್ನು ಕಿವಿಗೆ ಹಿಡಿದರೆ ಒಳಗಿನಿಂದ ಮೊದಲು ಟಕ್ ಟಕ್ ಎಂಬ ಸಣ್ಣ ತಟ್ಟು, ಆಮೇಲೆ ಕೀಚಲು ದನಿ ಕೇಳುತ್ತದೆ, ಆ ದನಿಗೆ ಹೇಂಟೆ ಮೇಲಿನಿಂದ ಗೊರಗೊರ ಎಂದು ಉತ್ತರಿಸುತ್ತದೆ. ಮರಿಯ ಕೊಕ್ಕಿನ ತುದಿಯಲ್ಲಿ ಚಿಪ್ಪು ಒಡೆಯಲೆಂದೇ ಇರುವ ಬಿಳಿಯ ಚುಕ್ಕೆಯಂಥ ಮೊನೆ ಕೆಲವು ದಿನಗಳಲ್ಲಿ ತಾನೇ ಉದುರಿಹೋಗುತ್ತದೆ; ಪಾಪುವಿಗೆ ಅದನ್ನು ಮರೆಯದೆ ತೋರಿಸು. ಹೊರಬರಲು ತಡವಾಯಿತೆಂದು ಚಿಪ್ಪನ್ನು ಬಿಡಿಸಲು ಹೋಗಬೇಡ, ಒಳಪೊರೆಯ ರಕ್ತನಾಳ ಹರಿದರೆ ಮರಿ ಉಳಿಯುವುದಿಲ್ಲ. ಹುಟ್ಟಿದ ಮರಿ ಹೊಟ್ಟೆಯೊಳಗೆ ಉಳಿದಿರುವ ಮೊಟ್ಟೆಯ ಭಂಡಾರದ (ಹಳದಿಯ) ಬಲದಿಂದಲೇ ಒಂದೆರಡು ದಿನ ಇರಬಲ್ಲದು, ಆತುರದಿಂದ ನುಚ್ಚು ತಿನ್ನಿಸುವ ಅಗತ್ಯವಿಲ್ಲ.

ಬೇಸಿಗೆಯ ವಿಷಯ ಬರೆಯುವಾಗ ನನ್ನ ಕೈ ಸ್ವಲ್ಪ ನಿಧಾನವಾಗುತ್ತದೆ. ನೀನು ಹೈಸ್ಕೂಲಿನಲ್ಲಿದ್ದಾಗ ಊರಿಗೆ ಕೊಕ್ಕರೆ ರೋಗ ಬಂದದ್ದು ನಿನಗೆ ನೆನಪಿರಬೇಕು. ಪಶುವೈದ್ಯರು ರಾಣಿಖೇತ್ ರೋಗವೆನ್ನುವುದು ಇದನ್ನೇ. ಬೆಳಿಗ್ಗೆ ಹಸಿರುಬಿಳುಪಿನ ಹಿಕ್ಕೆ ಹಾಕಿದ ಕೋಳಿ ಸಂಜೆಗೆ ಬಾಯಿ ತೆರೆದು ಉಸಿರಾಡುತ್ತಿತ್ತು, ಬದುಕಿ ಉಳಿದವುಗಳ ಕತ್ತು ತಿರುಚಿಕೊಂಡು ಕಾಳು ಕುಕ್ಕಲು ಹೋದರೆ ಗುರಿ ತಪ್ಪುತ್ತಿತ್ತು. ವೈರಾಣುವಿನ ರೋಗವಾದ್ದರಿಂದ ಬಂದ ಮೇಲೆ ಔಷಧವಿಲ್ಲ. ಗುಂಡಿ ತೋಡಿ ಸುಣ್ಣ ಹಾಕಿ ಹೂಳಿ, ಗೂಡಿಗೆ ಸುಣ್ಣ ಬಳಿದು, ಆ ಮಳೆಗಾಲ ಮುಗಿಯುವವರೆಗೆ ಖಾಲಿ ಬಿಟ್ಟೆವು. ಲಸಿಕೆಯ ವಿಷಯದಲ್ಲಿ ಉದಾಸೀನ ಬೇಡವೆಂದು ಒತ್ತಿ ಹೇಳುವುದು ಇದಕ್ಕೇ: ಮರಿಗೆ ಮೊದಲ ವಾರ ಕಣ್ಣಿಗೋ ಮೂಗಿಗೋ ಹನಿ, ತಿಂಗಳ ಹೊತ್ತಿಗೆ ಮತ್ತೊಮ್ಮೆ, ಎಂಟು ವಾರವಾದಾಗ ಚುಚ್ಚುಮದ್ದು. ಒಂದು ಸೀಸೆಯ ಲಸಿಕೆ ನೂರಾರು ಕೋಳಿಗಳಿಗಾಗುತ್ತದೆ, ಕಲಸಿದ ಮೇಲೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು; ಆದ್ದರಿಂದ ನೆರೆಹೊರೆಯಲ್ಲಿ ಕೋಳಿ ಇರುವವರನ್ನು ಕೂಡಿಸಿಕೊಂಡು ಒಂದೇ ದಿನ ಹಾಕಿಸುವುದು ಲೇಸು. ಸಂತೆಯಿಂದ ತಂದ ಕೋಳಿಯನ್ನು ಎರಡು ವಾರವಾದರೂ ಬೇರೆಯೇ ಕಟ್ಟು.

ನಮ್ಮ ಲೆಕ್ಕವನ್ನು ಹಾಗೆಯೇ ಮೈಸೂರಿಗೆ ಒಯ್ಯಬೇಡ. ಅಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 800 ಮಿಲಿಮೀಟರು, ಅದೂ ಮೇ ತಿಂಗಳಲ್ಲೊಮ್ಮೆ, ಸೆಪ್ಟೆಂಬರ್–ಅಕ್ಟೋಬರಿನಲ್ಲೊಮ್ಮೆ ಹೆಚ್ಚು. ಆದ್ದರಿಂದ ಬಾಗಿಲು ಮುಚ್ಚುವ ಕಾಲ ನಿನಗೆ ವರ್ಷಕ್ಕೆ ಎರಡು ಸಲ ಬರುತ್ತದೆ, ಪ್ರತಿ ಸಲವೂ ಕಡಿಮೆ ದಿನ. ತೇವದ ಕಾಟ ಅಲ್ಲಿ ಕಡಿಮೆ; ಏಪ್ರಿಲ್ಲಿನ ಬಿಸಿಲೇ ದೊಡ್ಡ ಶತ್ರು. ಕೋಳಿಗೆ ಬೆವರುವ ಗ್ರಂಥಿಗಳಿಲ್ಲ, ಬಾಯಿ ತೆರೆದು ಏದುಸಿರು ಬಿಡುವುದೇ ಮುಖ್ಯ ದಾರಿ. ಗೂಡಿನ ಮೇಲೆ ಜನವರಿಯಲ್ಲೇ ಸೋರೆಬಳ್ಳಿಯ ಚಪ್ಪರ ಹಬ್ಬಿಸಿದರೆ ಬೇಸಿಗೆಗೆ ನೆರಳೂ ಆಯಿತು, ಕಾಯಿಯೂ ಆಯಿತು. ಚಳಿಗಾಲಕ್ಕೆ ನಮ್ಮ ಬದನೆಯ ಬದಲು ಈರನಗೆರೆ ಬದನೆಯನ್ನೇ ಹಾಕು, ಅದು ಆ ಮಣ್ಣಿನದು. ಅವರೆಯಂತೂ ಇರಲೇಬೇಕು.

ತಳಿಯ ವಿಷಯ ಕೇಳಿದ್ದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದವರು ಹೆಬ್ಬಾಳದಲ್ಲಿ ರೂಪಿಸಿದ ಗಿರಿರಾಜ ವರ್ಷಕ್ಕೆ 130ರಿಂದ 150 ಮೊಟ್ಟೆಯಿಡುತ್ತದೆ, ಮೈಭಾರದಿಂದ ಹೆಚ್ಚು ಹಾರಲಾರದು, ಆದ್ದರಿಂದ ಸಣ್ಣ ಬೇಲಿಯೂ ಅದನ್ನು ತಡೆಯುತ್ತದೆ. ಆದರೆ ಕಾವಿಗೆ ಕೂರುವ ಗುಣ ಅದಕ್ಕಿಲ್ಲವೆಂದೇ ಹೇಳಬಹುದು. ನಾಟಿ ಹೇಂಟೆಯ ಮೊಟ್ಟೆ ಅದರ ಅರ್ಧದಷ್ಟೂ ಆಗದು, ಮರಿ ಸಾಕುವುದರಲ್ಲಿ ಮಾತ್ರ ಅದಕ್ಕೆ ಸಾಟಿಯಿಲ್ಲ. ಮೂರು ಗಿರಿರಾಜ, ಒಂದು ನಾಟಿ ಹೇಂಟೆ ಎಂಬುದು ನನ್ನ ಆಯ್ಕೆ. ಹುಂಜವಿಲ್ಲದೆಯೂ ಹೇಂಟೆ ಮೊಟ್ಟೆಯಿಡುತ್ತದೆ. ನಸುಕಿನ ಕೂಗಿಗೆ ಪಕ್ಕದ ಮನೆಯವರು ಏನೆನ್ನುತ್ತಾರೋ ತಿಳಿದ ಮೇಲೆ ಹುಂಜ ತಂದರಾಯಿತು, ಅಲ್ಲಿಯವರೆಗೆ ಮರಿಗೆ ಬೇಕಾದ ಮೊಟ್ಟೆ ಇಲ್ಲಿಂದ ಕೊಡುತ್ತೇನೆ.

ಹಿಕ್ಕೆಯನ್ನು ಹಸಿಯಾಗಿ ಗಿಡದ ಬುಡಕ್ಕೆ ಹಾಕಬೇಡ, ಬೇರು ಸುಡುತ್ತದೆ. ತರಗೆಲೆಯ ಜೊತೆ ಗುಂಡಿಯಲ್ಲಿ ಮೂರು ನಾಲ್ಕು ತಿಂಗಳು ಕಳಿತ ಮೇಲೆ ಹಾಕು. ಹಸಿಯಾಗಿ ತಿನ್ನುವ ಸೊಪ್ಪಿನ ಮಡಿಗಂತೂ ಚೆನ್ನಾಗಿ ಕಳಿತದ್ದೇ ಆಗಬೇಕು. ಗೂಡಿಗೆ ಅಂಗಡಿಯವರು ತೋರಿಸುವ ತೆಳು ಕೋಳಿಜಾಲರಿ ಕೋಳಿಯನ್ನು ಒಳಗಿಡಬಲ್ಲದೇ ಹೊರತು ಮುಂಗುಸಿಯನ್ನು ಹೊರಗಿಡಲಾರದು. ಅರ್ಧ ಇಂಚಿನ ವೆಲ್ಡ್ ಮೆಶ್ ತಂದು, ಒಂದು ಅಡಿ ಮಣ್ಣಿನೊಳಗೆ ಇಳಿಸಿ ಕಟ್ಟಿಸು. ಅದರ ಖರ್ಚು ನೋಡಿ ಅಳಿಯಂದಿರು ಹುಬ್ಬೇರಿಸಿದರೆ, ಮುಂಗುಸಿ ಹಾಡಹಗಲಿನಲ್ಲೇ ಬರುತ್ತದೆಂದು ಮಾವ ಹೇಳಿದರೆಂದು ಹೇಳು.

ನವರಾತ್ರಿಗೆ ಬರುವಾಗ ಹಿತ್ತಿಲಿನ ಉದ್ದಗಲವನ್ನೂ, ಮಧ್ಯಾಹ್ನ ನೆರಳು ಯಾವ ಗೋಡೆಯ ಕಡೆ ಬೀಳುತ್ತದೆಂಬುದನ್ನೂ ಬರೆದುಕೊಂಡು ಬಾ. ನಿನ್ನ ಅಪ್ಪ ಗೂಡಿನ ಚೌಕಟ್ಟಿಗೆ ಅಡಿಕೆ ದಬ್ಬೆ ಸೀಳಿ ಈಗಲೇ ಅಟ್ಟದ ಮೇಲೆ ಒಣಗಲು ಹಾಕಿದ್ದಾರೆ. ಮೊಗೆ ಮತ್ತು ಹೀರೆಯ ಬೀಜವನ್ನು ಬೂದಿಯಲ್ಲಿ ಕಲಸಿ ತೆಗೆದಿಡುತ್ತೇನೆ.

ಇಂತಿ ನಿನ್ನ
ಅಮ್ಮ