ದಿನ ತುಂಬದ ಕೂಸುಗಳ ಪರವಾಗಿ ಒಂದು ನಮಸ್ಕಾರ

ನವೆಂಬರ್ 17, ದಿನ ತುಂಬುವ ಮೊದಲೇ ಹುಟ್ಟುವ ಮಕ್ಕಳ ದಿನ. ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಆ ಮಕ್ಕಳಿಗಾಗಿ ವರ್ಷವಿಡೀ ಓಡಾಡುವವರಿಗೆ ನವಜಾತ ಶಿಶು ಆರೈಕೆಯಲ್ಲಿರುವ ನಮ್ಮೆಲ್ಲರ ಕೃತಜ್ಞತೆ.

ಆಶಾ ಅಕ್ಕಂದಿರೇ, ಕೊನೆಯ ಮುಟ್ಟು "ಯುಗಾದಿ ಕಳೆದು ಎಂಟು ದಿನಕ್ಕೆ" ಎಂದವರ ಮುಂದೆ ಕ್ಯಾಲೆಂಡರ್ ಹಿಡಿದು ಕೂತು, ತಾಯಿ ಕಾರ್ಡಿಗೆ ತಾರೀಖು ಬರೆಸಿದಿರಿ. ಆ ತಾರೀಖಿಲ್ಲದಿದ್ದರೆ ನೋವು ಬಂದಾಗ 33 ವಾರವೋ 37 ವಾರವೋ ಗೊತ್ತಾಗುವುದಿಲ್ಲ. ಕಬ್ಬಿಣದ 180 ಮಾತ್ರೆ ಹಂಚಿದ್ದಷ್ಟೇ ಅಲ್ಲ, ಮಲ ಕಪ್ಪಾಯಿತೆಂದು ಬಿಟ್ಟವರಿಗೆ ಧೈರ್ಯ ಹೇಳಿದಿರಿ. ಕ್ಯಾಲ್ಸಿಯಂ ಮಾತ್ರೆಗೂ ಅದಕ್ಕೂ ಎರಡು ಗಂಟೆ ಅಂತರವಿರಲಿ, ಟೀ ಜೊತೆ ಬೇಡ ಎಂದು ತಿಳಿಸಿದಿರಿ. ಪ್ರತಿ ತಿಂಗಳ 9ರಂದು ನಡೆಯುವ ಗರ್ಭಿಣಿಯರ ತಪಾಸಣೆಗೆ ಕರೆತಂದಿದ್ದರಿಂದ ಬಿಪಿ, ರಕ್ತಹೀನತೆ, ಉರಿಯೇ ಇಲ್ಲದ ಮೂತ್ರದ ಸೋಂಕು ಬೇಗ ಸಿಕ್ಕವು. ದಿನಕ್ಕೆ ಮೊದಲೇ ಹೆರಿಗೆಯಾಗುವ ಅಪಾಯ ಹೆಚ್ಚಿಸುವವುಗಳಲ್ಲಿ ಇವೂ ಸೇರಿವೆ.

ಉಪಕೇಂದ್ರದ ಸಿಸ್ಟರ್‌ಗಳಿಗೆ ನಮ್ಮ ಋಣ ದೊಡ್ಡದು. 24ರಿಂದ 34 ವಾರದೊಳಗೆ ಹೆರಿಗೆ ನೋವು ಬಂದರೆ, ಕೂಸಿನ ಶ್ವಾಸಕೋಶ ಬಲಿಸುವ ಚುಚ್ಚುಮದ್ದು ಡೆಕ್ಸಾಮೆಥಸೋನ್ 6 ಮಿಲಿಗ್ರಾಂ ತಾಯಿಯ ಸ್ನಾಯುವಿಗೆ, 12 ಗಂಟೆಗೊಮ್ಮೆ, ಒಟ್ಟು ನಾಲ್ಕು ಸಲ. ದೊಡ್ಡಾಸ್ಪತ್ರೆಗೆ ಕಳಿಸುವ ಮುನ್ನವೇ ಮೊದಲ ಡೋಸ್ ಕೊಡಬಹುದೆಂದು ಕೇಂದ್ರ ಸರ್ಕಾರ 2014ರಲ್ಲೇ ಮಾರ್ಗಸೂಚಿ ಕೊಟ್ಟಿದೆ. ಮಿಲಿಲೀಟರಿಗೆ 4 ಮಿಲಿಗ್ರಾಂ ಇರುವ ಔಷಧದಲ್ಲಿ ಆ 6 ಮಿಲಿಗ್ರಾಂ ಎಂದರೆ ಒಂದೂವರೆ ಮಿಲಿಲೀಟರ್. ಕೂಸಿನ ಶ್ವಾಸಕೋಶ ಬಲಿಯಲು ಔಷಧಕ್ಕೆ ಹೊತ್ತು ಬೇಕು. "ಮೊದಲು ಆಸ್ಪತ್ರೆ ಸೇರಲಿ" ಎಂದು ಕಾದರೆ ಬಾಗೇಪಲ್ಲಿ ಕಡೆಯ ಹಳ್ಳಿಯಿಂದ ಬರುವ ದಾರಿಯಲ್ಲೇ ಆ ಹೊತ್ತು ಹೋಗುತ್ತದೆ. ಚೀಟಿಯಲ್ಲಿ ಡೋಸ್ ಕೊಟ್ಟ ಗಂಟೆ ಬರೆದು ಕಳಿಸಿದವರಿಗೆ ಇನ್ನೊಂದು ನಮಸ್ಕಾರ. ಅದಿಲ್ಲದಿದ್ದರೆ ಎರಡನೆಯದು ಯಾವಾಗ ಎಂದು ಯಾರಿಗೂ ತಿಳಿಯದು.

108ರ ಸಿಬ್ಬಂದಿಗೂ ಧನ್ಯವಾದ.

ಇನ್ನು ಅಜ್ಜಿಯಂದಿರು. ಎಣ್ಣೆ-ನೀರು, ಸಾಂಬ್ರಾಣಿ ಹೊಗೆ ಬಿಡುವುದು ನಿಮಗೆ ಸುಲಭವಿರಲಿಲ್ಲ. ಕೂಸಿನ ಮೈ ಬೇಗ ತಣ್ಣಗಾಗುತ್ತದೆ, ಹೊಗೆ ಉಸಿರು ಕಟ್ಟಿಸುತ್ತದೆ ಎಂದಾಗ ಒಪ್ಪಿದಿರಿ. "ಏಳು ತಿಂಗಳದ್ದು ಉಳಿಯುತ್ತೆ, ಎಂಟರದ್ದು ಉಳಿಯಲ್ಲ" ಎಂಬ ಹಳೇ ಮಾತನ್ನೂ ಬಿಟ್ಟಿರಿ. ಹೊಟ್ಟೆಯಲ್ಲಿ ಕಳೆದ ಒಂದೊಂದು ವಾರವೂ ಕೂಸಿಗೆ ಬಲವೇ. ಟೋಪಿ, ಕಾಲುಚೀಲ, ಲಂಗೋಟಿ ಮಾತ್ರ ಹಾಕಿದ ಕೂಸನ್ನು ಬರಿಯೆದೆಗೆ ನೆಟ್ಟಗೆ ಒರಗಿಸಿ, ಮುಖ ಒಂದು ಪಕ್ಕಕ್ಕೆ ತಿರುಗಿಸಿ, ಕತ್ತು ಮುದುಡದಂತೆ ಬಟ್ಟೆ ಕಟ್ಟಿ, ಒಂದೊಂದು ಸಲಕ್ಕೆ ಗಂಟೆಗೂ ಹೆಚ್ಚು ಹೊತ್ತು ಕೂತಿರಿ. ಬಾಣಂತಿ ಮಲಗಿದಾಗ ಅಪ್ಪಂದಿರೂ ಅಂಗಿ ಬಿಚ್ಚಿ ಕೂತರು. ಚೀಪಲು ಬಾರದ ಕೂಸಿಗೆ ಹಿಂಡಿದ ಎದೆಹಾಲನ್ನು ಎರಡೆರಡು ಗಂಟೆಗೆ ಒಳಲೆಯಲ್ಲಿ, ತುಟಿಯಂಚಿನಿಂದ, ನುಂಗುವುದನ್ನು ನೋಡಿಕೊಂಡು ಕುಡಿಸಿದ ಕೈಗಳಿಗೆ ಶರಣು.