ಕಾರಿನ ಪುಟದಲ್ಲಿ ನಮ್ಮ ಕ್ರಾಸ್ ರಸ್ತೆಗೂ ಜಾಗ ಕೊಡಿ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ಕಾರಿನ ಪುಟವನ್ನು ಬಿಡದೆ ಓದುವವಳು ನಾನು. ಸೊನ್ನೆಯಿಂದ 100 ಕಿ.ಮೀ. ವೇಗ ಮುಟ್ಟಲು ಎಷ್ಟು ಸೆಕೆಂಡು, ಸನ್‌ರೂಫ್ ಎಷ್ಟು ದೊಡ್ಡದು, ಪರದೆ ಎಷ್ಟು ಇಂಚು, ಎಲ್ಲಾ ಇರುತ್ತದೆ. ಟರ್ನಿಂಗ್ ರೇಡಿಯಸ್ ಮಾತ್ರ, ಅಂದರೆ ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಕಾರು ಸುತ್ತುವ ವೃತ್ತದ ತ್ರಿಜ್ಯ, ಎಲ್ಲೂ ಸಿಗುವುದಿಲ್ಲ. ಬೆಂಗಳೂರಿನಲ್ಲಿ ದಿನಾ ಕಾರು ತೆಗೆಯುವವರಿಗೆ ಮೊದಲು ಬೇಕಾದದ್ದು ಅದೇ ಅಲ್ವಾ?

ನಮ್ಮ ಮನೆ ಹನುಮಂತನಗರದಲ್ಲಿ. ಕ್ರಾಸ್ ರಸ್ತೆ 30 ಅಡಿ ಅಂತ ಹೆಸರಿಗೆ. ಚರಂಡಿ, ಫುಟ್‌ಪಾತ್, ಮನೆಗಳವರು ಹಾಕಿಕೊಂಡ ಇಳಿಜಾರು ಕಳೆಯಿರಿ. ಉಳಿದದ್ದರಲ್ಲಿ ಎರಡೂ ಬದಿ ಕಾರು ನಿಂತಿರುತ್ತವೆ. ಎಕ್ಸ್‌ಯುವಿ 700 ಅನ್ನುವ ದೊಡ್ಡ ಎಸ್‌ಯುವಿಯ ಅಗಲ 1,890 ಮಿ.ಮೀ., ಅಂದರೆ ಆರು ಅಡಿಗಿಂತ ಜಾಸ್ತಿ. ಅಂಥ ಎರಡು ಗಾಡಿ ಎದುರುಬದುರು ನಿಂತ ಹೊತ್ತಿಗೆ ಕಸದ ಆಟೊ ಬಂತೋ, ಮುಗೀತು.

ನಾನು ತೆಗೆದುಕೊಂಡದ್ದು ವ್ಯಾಗನ್ಆರ್. ಅಗಲ 1,620 ಮಿ.ಮೀ., ಟರ್ನಿಂಗ್ ರೇಡಿಯಸ್ 4.7 ಮೀಟರ್. ಅಂದರೆ ಯು-ಟರ್ನ್‌ಗೆ 9.4 ಮೀಟರ್ ಬೇಕು. ಇನ್ನೋವಾ ಕ್ರಿಸ್ಟಾಗೆ 5.4, ಅಂದರೆ 10.8 ಮೀಟರ್. ಹೆಚ್ಚುಕಮ್ಮಿ ನಾಲ್ಕೂವರೆ ಅಡಿ ವ್ಯತ್ಯಾಸ. ಹಿಂದೆ ಬಸ್ಸು ಹಾರ್ನ್ ಹೊಡೆಯುತ್ತಿರುವಾಗ ರಿವರ್ಸ್ ಹಾಕದೆ ತಿರುಗಿಸಿಕೊಂಡು ಹೋಗುವುದು ಆ ನಾಲ್ಕೂವರೆ ಅಡಿಯ ಮೇಲೇ ನಿಂತಿದೆ. ಶೋರೂಮಿನ ಹುಡುಗ "ಇನ್ನೆರಡು ಲಕ್ಷ ಹಾಕಿ ಮೇಡಂ, ಎಸ್‌ಯುವಿನೇ ಬರುತ್ತೆ" ಅಂದ. ಮಗನೂ ತಲೆಯಾಡಿಸಿದ. ಅತ್ತೆ ಮಾತ್ರ ಎರಡರಲ್ಲೂ ಹತ್ತಿ ಕೂತು ನೋಡಿದರು. ಎಸ್‌ಯುವಿಗೆ ಸೀರೆ ಎತ್ತಿಕೊಂಡು ಹತ್ತಬೇಕು. ಇದರಲ್ಲಿ ಸುಮ್ನೆ ಹಿಂದೆ ಸರಿದು ಕೂತರಾಯಿತು. ಅಲ್ಲಿಗೆ ತೀರ್ಮಾನವಾಯಿತು.

ಎಡ ಮಂಡಿ ನೋವಿರುವುದರಿಂದ ಎಎಂಟಿ, ಅಂದರೆ ಗೇರ್ ತಾನಾಗಿ ಬದಲಾಗುವ ಮಾದರಿ, ಆರಿಸಿದೆ. ಇದರ ಬಗ್ಗೆ ನಿಮ್ಮ ಪುಟದಲ್ಲಿ "ಕ್ಲಚ್ ಇಲ್ಲದ ಆರಾಮ" ಅನ್ನುವ ಧಾಟಿಯಲ್ಲೇ ಬರುತ್ತದೆ. ಕ್ಲಚ್ ಪೆಡಲ್ ಇಲ್ಲ, ನಿಜ. ಕ್ಲಚ್ ಇದ್ದೇ ಇರುತ್ತದೆ. ಕಾಲಿನ ಬದಲು ಅದನ್ನು ಯಂತ್ರ ಒತ್ತುತ್ತದೆ, ಅಷ್ಟೇ. ರಾಮಾಂಜನೇಯ ಗುಡ್ಡದ ಸುತ್ತ ಏರು ರಸ್ತೆಗಳೇ ಜಾಸ್ತಿ. ಸಾಲಿನಲ್ಲಿ ನಿಂತಾಗ ಗಾಡಿ ಹಿಂದೆ ಜಾರದಂತೆ ಆಕ್ಸಿಲರೇಟರ್ ಒತ್ತಿ ಹಿಡಿದರೆ ಕ್ಲಚ್ ಬಿಸಿಯಾಗಿ ಬೇಗ ಸವೆಯುತ್ತದೆ. ಬ್ರೇಕ್ ಹಿಡಿಯಬೇಕು. ಹಿಲ್ ಹೋಲ್ಡ್ ಇದ್ದರೆ ಬ್ರೇಕ್ ಬಿಟ್ಟ ಮೇಲೂ ಒಂದೆರಡು ಕ್ಷಣ ಗಾಡಿ ನಿಲ್ಲುತ್ತದೆ, ಅಷ್ಟರಲ್ಲಿ ಹೊರಟುಬಿಡಬೇಕು. ಗೇರ್ ಬದಲಾಗುವಾಗ ಸಣ್ಣದಾಗಿ ಜಗ್ಗುವುದೂ ಉಂಟು. ಆಗ ಆಕ್ಸಿಲರೇಟರ್ ಸ್ವಲ್ಪ ಸಡಿಲಿಸಿದರೆ ಸರಿಹೋಗುತ್ತದೆ. ಇದನ್ನೆಲ್ಲಾ ನನಗೆ ಹೇಳಿಕೊಟ್ಟದ್ದು ಮೂಲೆ ಗ್ಯಾರೇಜಿನವರು.

ಸುರಕ್ಷತೆಯ ಮಾತು ಬಂದೇ ಬರುತ್ತದೆ. ಕಾರನ್ನು ಡಿಕ್ಕಿ ಹೊಡೆಸಿ ನೋಡುವ 2023ರ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಈ ಕಾರಿಗೆ ದೊಡ್ಡವರ ಸುರಕ್ಷತೆಯಲ್ಲಿ ಸಿಕ್ಕಿದ್ದು ಐದರಲ್ಲಿ ಒಂದೇ ಸ್ಟಾರ್. ಆಮೇಲೆ ಆರು ಏರ್‌ಬ್ಯಾಗ್ ಬಂದಿವೆ, ಆದರೆ ಬ್ಯಾಗ್ ಹೆಚ್ಚಾದ ಮಾತ್ರಕ್ಕೆ ಬಾಡಿ ಗಟ್ಟಿಯಾಗುವುದಿಲ್ಲ. ಮಗ ಇದನ್ನು ಆಗಾಗ ನೆನಪಿಸುತ್ತಾನೆ, ಅವನು ಹೇಳುವುದು ಸರಿ. ಅದಕ್ಕೇ ಇದನ್ನು ಎಕ್ಸ್‌ಪ್ರೆಸ್‌ವೇಗೆ ಒಯ್ಯುವುದಿಲ್ಲ. ಮೈಸೂರಿಗೆ ರೈಲಿದೆ.

ನನ್ನ ಕೋರಿಕೆ ಇಷ್ಟೇ. ನಿಮ್ಮ ವಿಮರ್ಶಕರು ಮುಂದಿನ ಕಾರನ್ನು ಹೈವೇಯಲ್ಲಿ ಓಡಿಸಿ ನೋಡಿದ ಮೇಲೆ ಒಂದು ಶನಿವಾರ ಸಂಜೆ ಗಾಂಧಿ ಬಜಾರಿನ ಕಡೆಗೂ ತರಲಿ. ಹತ್ತಿರದ ಯಾವುದಾದರೂ ಕ್ರಾಸ್‌ನಲ್ಲಿ ನಿಲ್ಲಿಸಲಿ, ಹೊರಗೆ ತೆಗೆಯಲಿ, ವಯಸ್ಸಾದವರೊಬ್ಬರನ್ನು ಹತ್ತಿಸಿ ಇಳಿಸಲಿ. ಅಲ್ಲಿ ಏನಾಯಿತು ಅನ್ನುವುದನ್ನೇ ಬರೆಯಲಿ. ಹಾಗೇ, ಕಂಪನಿಗಳು ಕೊಡುವ ಅಗಲದಲ್ಲಿ ಸಾಮಾನ್ಯವಾಗಿ ಸೈಡ್ ಮಿರರ್ ಲೆಕ್ಕಕ್ಕೆ ಇರುವುದಿಲ್ಲ. ಅದನ್ನು ಟೇಪ್ ಹಿಡಿದು ಅಳೆದು ಹಾಕಿದರೆ ನಮ್ಮ ಗೇಟಿಗೆ ಹಿಡಿಯುತ್ತದೋ ಇಲ್ಲವೋ ಅಂತ ಮನೆಯಲ್ಲೇ ನೋಡಿಕೊಳ್ಳಬಹುದು.

— ನಿವೃತ್ತ ಶಿಕ್ಷಕಿ, ಹನುಮಂತನಗರ, ಬೆಂಗಳೂರು