ಗೋಡೆಯ ತೂತು, ಮತ್ತೆ ಆ ಒಂದು ಸಾಲು

ನವನಗರ, ಬಾಗಲಕೋಟೆ
ಭಾನುವಾರ

ಚಿರಂಜೀವಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಪತ್ರ ಮುಟ್ಟಿತು. ಗೋಡೆಗೆ ಬಿದ್ದ ತೂತನ್ನು ಹೇಗೆ ಮುಚ್ಚಬೇಕೆಂದು ಕೇಳಿದ್ದೀಯ, ಅಳತೆ ಹಾಕಿ ಚಿತ್ರ ಬರೆದಿದ್ದೀಯ. ಅಷ್ಟೇ ಆಗಿದ್ದರೆ ನನ್ನ ಉತ್ತರ ಅರ್ಧ ಹಾಳೆಯಲ್ಲಿ ಮುಗಿಯುತ್ತಿತ್ತು. ಆದರೆ ಬಾಡಿಗೆ, ಠೇವಣಿ, ಮನೆಯ ಮಾಲೀಕರ ಮಾತುಗಳ ನಡುವೆ ಒಂದು ಸಾಲು ತೂರಿಸಿದ್ದೀಯ: ಅಂದಿನಿಂದ ಹುಡುಗ ಯಾವ ಬಾಗಿಲನ್ನಾದರೂ ಎರಡೂ ಕೈಯಿಂದ ಹಿಡಿದು, ಸಪ್ಪಳವಾಗದಂತೆ ಮುಚ್ಚುತ್ತಾನೆ ಎಂದು. ಮೆಚ್ಚಿ ಬರೆದೆಯೋ, ಹೆದರಿ ಬರೆದೆಯೋ ನನಗೆ ತಿಳಿಯಲಿಲ್ಲ. ಓದುತ್ತ ಓದುತ್ತ ನಾನಂತೂ ಅಲ್ಲಿಯೇ ನಿಂತುಬಿಟ್ಟೆ. ರಾತ್ರಿ ಎರಡು ಸಲ ಎದ್ದು ನೀರು ಕುಡಿದೆ. ನಿನ್ನ ದೊಡ್ಡವ್ವ ಸಕ್ಕರೆ ಕಾಯಿಲೆ ಹೆಚ್ಚಾಯಿತೇನೋ ಎಂದು ಗಾಬರಿಯಾದಳು.

'ಬಾಗಿಲು ಬಡಿದು ಅದರ ಹಿಡಿ ಗೋಡೆಯೊಳಗೆ ಹೋಯಿತು' ಎಂದು ಬರೆದಿದ್ದೀಯ. ಗಾಳಿಗೆ ಬಡಿಯಿತು ಎಂದು ಬರೆಯಬಹುದಿತ್ತು, ಬರೆಯಲಿಲ್ಲ. ಅಷ್ಟರ ಮಟ್ಟಿಗೆ ನೀನು ನಿನ್ನಪ್ಪನ ಮಗನೇ. ಯಾರು ದೂಡಿದರು, ಯಾವ ಮಾತಿಗೆ ದೂಡಿದರು ಎಂದು ನಾನು ಕೇಳುವುದಿಲ್ಲ.

ಗೋಡೆಯ ವಿಷಯಕ್ಕೆ ಬರುತ್ತೇನೆ. ನನಗೆ ಜಿಪ್ಸಂ ಗೊತ್ತಿರುವುದು ಹೊಲದಿಂದ. ಕಾಲುವೆ ನೀರು ಕಂಡ ಮೇಲೆ ಸವಳಾದ ಎಷ್ಟು ಹೊಲಗಳಿಗೆ ಎಕರೆಗೆ ಇಷ್ಟು ಚೀಲ ಹಾಕಿರಿ ಎಂದು ಬರೆದುಕೊಟ್ಟಿದ್ದೇನೋ ಲೆಕ್ಕವಿಲ್ಲ. ಅದೇ ಜಿಪ್ಸಮ್ಮನ್ನು ಎರಡು ದಪ್ಪ ಕಾಗದಗಳ ನಡುವೆ ಹಲಗೆಯಾಗಿ ಒತ್ತಿ ನಿಮ್ಮ ಅಮೆರಿಕದಲ್ಲಿ ಗೋಡೆ ಎನ್ನುತ್ತಾರೆ. ಅರ್ಧ ಇಂಚು ದಪ್ಪ. ಅದರ ಹಿಂದೆ ಹದಿನಾರು ಇಂಚಿಗೊಂದು ಮರದ ಪಟ್ಟಿ, ನಡುವೆ ಟೊಳ್ಳು. ಜಿಪ್ಸಮ್ಮಿನ ತೂಕದಲ್ಲಿ ಐದನೆಯ ಒಂದು ಪಾಲು ಅಡಗಿದ ನೀರೇ ಇರುವುದರಿಂದ ಬೆಂಕಿಯನ್ನು ಚೆನ್ನಾಗಿ ತಡೆಯುತ್ತದೆ. ಬಾಗಿಲ ಹಿಡಿಯನ್ನು ತಡೆಯುವುದಿಲ್ಲ.

ನಮ್ಮ ಸೆಕ್ಟರಿನಲ್ಲಿ ಅಂಗಡಿಗಳಿಗೆ ಪಿಒಪಿ ಛಾವಣಿ ಮಾಡುವ ಹುಡುಗನೊಬ್ಬನಿದ್ದಾನೆ. ಅವನಿಂದ ಉಳಿದ ತುಂಡೊಂದನ್ನು ಬೇಡಿ ತಂದೆ. ಅಡುಗೆಮನೆಯ ಕಟ್ಟೆಗೆ ಒರಗಿಸಿ, ನಿನ್ನ ಬಾಗಿಲ ಹಿಡಿಯಂತೆ ಇರಲೆಂದು ಒರಳಿನ ಹಾರೆಯ ತುದಿಯಿಂದ ಗುದ್ದಿದೆ. ಒಂದೇ ಏಟಿಗೆ ಹಿಂದಿನ ಕಾಗದ ಹೂವಿನಂತೆ ಅರಳಿತು. ಮುಂದಿನ ಕಾಗದ ಮಾತ್ರ ಒಳಕ್ಕೆ ಮಡಚಿಕೊಂಡು ಪುಡಿಯನ್ನು ಕಚ್ಚಿಕೊಂಡೇ ಇತ್ತು. ಎಳೆದರೆ ಇನ್ನೂ ಗೇಣುದ್ದ ಸುಲಿದು ಬಂತು. ಆದ್ದರಿಂದ ನೀನು ಎಳೆಯಬೇಡ. ಸಡಿಲಾದ ಕಾಗದವನ್ನು ಚೂಪು ಬ್ಲೇಡಿನಿಂದ ಕೊಯ್ದು ತೆಗೆ, ಅಂಚಿನ ಪುಡಿಯನ್ನು ಕೆರೆದು ಬಿಡು. ಇಷ್ಟು ಮಾತ್ರ ಧೈರ್ಯವಾಗಿ ಹೇಳಬಲ್ಲೆ.

ಆಮೇಲಿನದು ಆ ಹುಡುಗ ಹೇಳಿದ್ದು. ನಿನ್ನದು ಮೂರು ಇಂಚಿನ ತೂತು ತಾನೇ, ಅಂಟು ಇರುವ ಜಾಳಿಗೆಯ ತುಂಡು ಸಿಗುತ್ತದೆ, ಅದನ್ನು ಮೇಲೆ ಅಂಟಿಸಿ ಪುಟ್ಟಿ ಎಳೆದರೆ ಸಾಕಂತೆ. ನಿಮ್ಮಲ್ಲಿ ಅದಕ್ಕೆ ಜಾಯಿಂಟ್ ಕಾಂಪೌಂಡ್ ಎನ್ನುತ್ತಾರೆ. ನಾನು ಅವಸರಪಟ್ಟು ಒಂದೇ ಸಲ ದಪ್ಪಗೆ ಮೆತ್ತಿದೆ. ಮರುದಿನ ನೋಡಿದರೆ ಎರೆಹೊಲ ಬಿರಿದಂತೆ ಬಿರಿದಿತ್ತು. ತೆಳ್ಳಗೆ ಮೂರು ಸಲ, ಒಂದೊಂದು ಸಲವೂ ಹಿಂದಿನದಕ್ಕಿಂತ ಅಗಲವಾಗಿ, ನಡುವೆ ಒಂದೊಂದು ದಿನ ಒಣಗಲು ಬಿಟ್ಟು ಎಳೆಯಬೇಕಂತೆ.

ಮೂರು ದಿನ ಆ ತೂತು ಮುಚ್ಚಿಯೂ ಮುಚ್ಚದ ಹಾಗೆ ಎದುರಿಗೇ ಇರುತ್ತದೆ. ಹುಡುಗ ಅದನ್ನು ನೋಡುತ್ತಲೇ ಇರುತ್ತಾನೆ. ಆರು ವರ್ಷದವನು, ತುಟಿ ಕಚ್ಚಿ, ಎರಡೂ ಅಂಗೈಯನ್ನು ಬಾಗಿಲಿಗೆ ಒತ್ತಿ ನಿಲ್ಲುವುದು ನನ್ನ ಕಣ್ಣಿಗೆ ಕಟ್ಟಿದೆ.

ತಂಬಿಗೆಯ ಕಥೆ ನಿನಗೆ ಗೊತ್ತು. ನಮ್ಮ ಮನೆಯಲ್ಲಿ ಅದು ನಗೆಯ ಕಥೆಯಾಗಿ ಹೋಗಿದೆ, ಯಾರ ಮದುವೆಯಲ್ಲಿ ಕೂಡಿದರೂ ಒಬ್ಬರಲ್ಲ ಒಬ್ಬರು ಹೇಳುತ್ತಾರೆ. ಹಿತ್ತಾಳೆಯ ತಂಬಿಗೆ, ಪಡಸಾಲೆಯ ಗೋಡೆ, ನಿನ್ನಪ್ಪನ ಕಿವಿಯಿಂದ ಒಂದು ಗೇಣು. ಎಲ್ಲರೂ ಅಲ್ಲಿಗೆ ನಿಲ್ಲಿಸಿ ನಗುತ್ತಾರೆ. ಅದರ ಮುಂದಿನದನ್ನು ನಾನು ಯಾರಿಗೂ ಹೇಳಿಲ್ಲ.

ಮರುದಿನದಿಂದ ನಾನು ಊಟಕ್ಕೆ ಕುಳಿತರೆ ಸಾಕು, ಕೇಳುವ ಮೊದಲೇ ನಿನ್ನಪ್ಪ ತಂಬಿಗೆ ತುಂಬಿ ತರುತ್ತಿದ್ದ. ಎಂಟು ವರ್ಷದ ಹುಡುಗ. ಕಲ್ಲು ಹಾಸಿನ ಮೇಲೆ ಇಡುವಾಗ ಠಣ್ ಎನ್ನಬಾರದೆಂದು ತಳದ ಕೆಳಗೆ ಮೊದಲು ತನ್ನ ಬೆರಳು ಇಡುತ್ತಿದ್ದ, ತಂಬಿಗೆ ಅದರ ಮೇಲೆ ಕುಳಿತ ನಂತರ ಮೆಲ್ಲಗೆ ಬೆರಳು ಎಳೆದುಕೊಳ್ಳುತ್ತಿದ್ದ. ನಾನು ಅದನ್ನು ಮರ್ಯಾದೆ ಎಂದುಕೊಂಡೆ. ಬಂದವರ ಮುಂದೆ ಹೊಗಳಿದೆ ಕೂಡ: ನೋಡಿರಿ, ನಮ್ಮ ತಮ್ಮ ಎಷ್ಟು ಸೂಕ್ಷ್ಮ! ಅದು ಅಂಜಿಕೆ ಎಂದು ತಿಳಿಯಲು ನನಗೆ ನಾಲ್ಕು ಮಕ್ಕಳು ಹುಟ್ಟಬೇಕಾಯಿತು. ತಿಳಿದ ಮೇಲಾದರೂ ಕೇಳಿದೆನೇ? ಇಲ್ಲ.

ನಿನ್ನ ಹುಡುಗನದು ಹಾಗೆ ಇರಲಿಕ್ಕಿಲ್ಲ. ನಿನಗೆ ನನ್ನಷ್ಟು ಸಿಟ್ಟು ಇಲ್ಲ, ನನಗೆ ಗೊತ್ತು. ಆದರೂ ಅವನ ಸಂಭಾವಿತತನವನ್ನು ಮಾತ್ರ ಹೊಗಳಬೇಡ.

ಮರೆಯುವ ಮೊದಲು ಹೇಳುತ್ತೇನೆ, ಆ ಮನೆ ಯಾವ ಇಸವಿಯದು ಎಂದು ಕೇಳಿಕೋ. ನಿಮ್ಮ ದೇಶದಲ್ಲಿ ಮನೆಯ ಬಣ್ಣಗಳಲ್ಲಿ ಸೀಸ ಬೆರೆಸುವುದು ನಿಂತದ್ದು 1978ರಲ್ಲಿ. ಅದಕ್ಕೂ ಹಿಂದಿನ ಮನೆಯಾದರೆ ಪುಟ್ಟಿಯಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಇದ್ದರೂ ಇರಬಹುದು. ಆಗ ನೀನು ಉಜ್ಜುವುದೂ ಬೇಡ, ಕೊಯ್ಯುವುದೂ ಬೇಡ, ಮಾಲೀಕರಿಗೆ ತಿಳಿಸಿ ಸುಮ್ಮನಿರು. ಹೊಸ ಮನೆಯಾದರೂ ಒಳಗೆ ಬ್ಲೇಡ್ ಆಡಿಸುವ ಮೊದಲು ಟಾರ್ಚ್ ಹಿಡಿದು ನೋಡು, ಬಾಗಿಲ ಪಕ್ಕದಲ್ಲಿ ಸ್ವಿಚ್ಚು ಇದ್ದರೆ ತಂತಿ ಅಲ್ಲಿಯೇ ಇಳಿದಿರುತ್ತದೆ. ಇಂಜಿನಿಯರಿಗೆ ನಾನು ಇದನ್ನು ಹೇಳುತ್ತಿದ್ದೇನೆ, ನಗಬೇಡ.

ನಮ್ಮ ಹಳೆಯ ಊರಿನ ಮನೆಯ ಗೋಡೆಗೆ ಇಂಥ ತೊಂದರೆ ಇರಲಿಲ್ಲ. ಎರಡು ಮೊಳ ದಪ್ಪದ ಕಲ್ಲು ಮಣ್ಣಿನ ಗೋಡೆ. ತಂಬಿಗೆಯೇ ನೆಗ್ಗಿತು, ಗೋಡೆಯಿಂದ ಅಂಗೈಯಗಲ ಮಣ್ಣು ಉದುರಿತು ಅಷ್ಟೆ. ಅವ್ವ ಮಣ್ಣು, ಸಗಣಿ, ಹೊಟ್ಟು ಕಲಸಿ ಮೆತ್ತಿದಳು. ಗೌಂಡಿಯನ್ನು ಕರೆಸಿ ನೆಟ್ಟಗೆ ಗಿಲಾವು ಮಾಡಿಸಬಹುದಿತ್ತು. ಆದರೆ 1964ರಲ್ಲಿ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಅಣೆಕಟ್ಟಿಗೆ ಅಡಿಗಲ್ಲು ಇಟ್ಟ ದಿನದಿಂದ ನಮ್ಮ ಊರಿಗೆ ಒಂದೇ ಮಾತು: ಮುಳುಗುವ ಮನೆಗೆ ಯಾಕೆ ಖರ್ಚು? ಹಾಗೆನ್ನುತ್ತ ಮೂವತ್ತು ವರ್ಷಕ್ಕೂ ಮಿಕ್ಕಿ ಅದೇ ಮನೆಯಲ್ಲಿ ಬದುಕಿದೆವು. ಅವ್ವ ಮೆತ್ತಿದ ಜಾಗ ವರ್ಷವರ್ಷವೂ ಸುಣ್ಣ ಕುಡಿದು ಸಣ್ಣ ಬಾವಿನ ಹಾಗೆ ಉಬ್ಬಿಕೊಂಡೇ ಇತ್ತು.

ಕೊನೆಗೆ ಬಾಗಿಲು, ತೊಲೆ, ಜಂತಿ ಕಿತ್ತು ಟ್ರ್ಯಾಕ್ಟರಿಗೆ ಹೇರುವ ದಿನ ಬಂತು. ಸಂಜೆಯಾಗಿತ್ತು, ಕರೆಂಟ್ ಮೊದಲೇ ಕಡಿದಿದ್ದರು. ಪಡಸಾಲೆಯ ಆ ಕತ್ತಲಲ್ಲಿ ನಿನ್ನಪ್ಪ ಹುಡುಕದೆ, ತಡವರಿಸದೆ, ನೇರವಾಗಿ ಹೋಗಿ ಆ ಉಬ್ಬಿನ ಮೇಲೆ ಅಂಗೈ ಇಟ್ಟ. ಆಗ ಅವನಿಗೆ ನಲವತ್ತು ತುಂಬುತ್ತ ಬಂದಿತ್ತು. ನಾನು ಹಿಂದೆ ನಿಂತಿದ್ದೆ. ಒಂದು ಮಾತು ಆಡಲು ಅದಕ್ಕಿಂತ ಒಳ್ಳೆಯ ಗಳಿಗೆ ನನಗೆ ಮತ್ತೆ ಸಿಗಲಿಲ್ಲ. 'ಹಗ್ಗ ಬಿಗಿಯಾಗಿದೆಯೇ ನೋಡು' ಎಂದೆ. ಅವನು ಹೋಗಿ ನೋಡಿದ. ಈಗ ಆ ಗೋಡೆಯೂ ಇಲ್ಲ, ಅವನೂ ಇಲ್ಲ. ಘಟಪ್ರಭೆಯ ಹಿನ್ನೀರು ಏರಿದಾಗ ಸೇತುವೆಯ ಮೇಲೆ ಬಸ್ ನಿಧಾನವಾದರೆ ನಾನು ಕಿಟಕಿ ಕಡೆ ನೋಡುವುದಿಲ್ಲ.

ಬುದ್ಧಿ ಹೇಳಲು ಕುಳಿತವನು ನನ್ನ ರಾಮಾಯಣವನ್ನೇ ಬರೆದೆ. ನನಗೆ ಹೊಳೆಯುವುದು ಇಷ್ಟೇ, ಸರಿಯೋ ತಪ್ಪೋ ನೀನೇ ನೋಡು. ಆ ತೂತನ್ನು ಹುಡುಗ ಶಾಲೆಗೆ ಹೋದಾಗ ಗುಟ್ಟಾಗಿ ಮುಚ್ಚಬೇಡ. ಅವನಿದ್ದಾಗಲೇ ಮಾಡು. ಎರಡನೆಯ ಸಲದ ಪುಟ್ಟಿಯನ್ನು ಅವನ ಕೈಯಿಂದಲೇ ಎಳೆಸು, ಏರುಪೇರಾದರೆ ಆಗಲಿ, ಮೂರನೆಯದು ಇರುವುದೇ ಅದಕ್ಕೆ. ಪಾಲಿಶ್ ಕಾಗದದಿಂದ ಉಜ್ಜಿದರೆ ಧೂಳು ಬಹಳ, ಅವನ ಎದೆಗೆ ಒಳ್ಳೆಯದಲ್ಲ. ಅದರ ಬದಲು ಸ್ಪಂಜನ್ನು ಒದ್ದೆ ಮಾಡಿ ಹಿಂಡಿ ಮೆಲ್ಲಗೆ ಸವರಿದರೂ ನುಣುಪಾಗುತ್ತದೆ, ಕಾಗದ ಮಾತ್ರ ನೆನೆಯಬಾರದು. ಬಣ್ಣಕ್ಕೆ ಮೊದಲು ಪ್ರೈಮರ್ ಬಳಿ, ಇಲ್ಲದಿದ್ದರೆ ತೇಪೆ ಹಾಕಿದ ಜಾಗ ಬೇರೆಯಾಗಿ ಕಾಣುತ್ತದೆ. ಕಂಡರೂ ನನಗೇನೂ ಬೇಸರವಿಲ್ಲ, ನಿಮ್ಮ ಮಾಲೀಕರಿಗೆ ಇರಬಹುದು.

ಕೆಲಸ ಮಾಡುತ್ತ ಮಾಡುತ್ತ, ಮುಖ ಗೋಡೆಯ ಕಡೆಗೇ ಇರುವಾಗ, ಇದು ಅಪ್ಪ ಸಿಟ್ಟಿನಲ್ಲಿ ಮಾಡಿದ್ದು ಎಂದು ಹೇಳು. ಎದುರು ಕೂರಿಸಿಕೊಂಡು ಹೇಳಿದರೆ ಅವನು ಹೆದರುತ್ತಾನೆ. ನನಗೆ ಆ ಒಂದು ವಾಕ್ಯ ಬಾಯಿಗೆ ಬರಲಿಲ್ಲ, ನಿನಗೆ ಬಂದೀತು.

ಬಾಗಿಲ ಹಿಂದೆ ರಬ್ಬರಿನ ತಡೆ ಒಂದನ್ನು ಹಚ್ಚಿಬಿಡು, ಕೆಲವೇ ಡಾಲರಿನ ವಸ್ತು. ಸೊಸೆಗೆ ಆಶೀರ್ವಾದ ತಿಳಿಸು. ದೊಡ್ಡವ್ವ ಶೇಂಗಾ ಚಟ್ನಿಪುಡಿ ಮಾಡಿಟ್ಟಿದ್ದಾಳೆ, ಆ ಕಡೆ ಬರುವವರು ಯಾರಾದರೂ ಇದ್ದರೆ ತಿಳಿಸು.

ಗೋಡೆಯ ಫೋಟೊವನ್ನು ಸಾವಕಾಶವಾಗಿ ಕಳಿಸು. ಹುಡುಗ ಇನ್ನೂ ಎರಡೂ ಕೈ ಹಚ್ಚುತ್ತಾನೆಯೇ, ಅದನ್ನು ಮೊದಲು ಬರೆ.

ನಿನ್ನ,
ದೊಡ್ಡಪ್ಪ